ಎರಡನೇ ಪುಸ್ತಕ

ಓದು ಬಾರದವರಿಗೆ ಬುದ್ಧಿಯೂ ಕಡಿಮೆ ಎಂದು ಹೇಳುವವರನ್ನು ಕಂಡರೆ ನಗು ಬರುತ್ತದೆ. ಆಸ್ಪತ್ರೆಯ ಬಟ್ಟೆ ಒಗೆಯುವ ಆ ಕಾರ್ಖಾನೆಯ ಹೆಂಗಸರಿಗೆ ಬುದ್ಧಿ ಕಡಿಮೆ ಇದ್ದಿದ್ದರೆ ಎಲ್ಲವೂ ನೆಟ್ಟಗೆ ನಡೆದುಹೋಗುತ್ತಿತ್ತು. ಬುದ್ಧಿ ಹೆಚ್ಚಾಗಿದ್ದರಿಂದಲೇ ಎಡವಟ್ಟಾಯಿತು. ಅದರಲ್ಲೂ ಇಸ್ತ್ರಿಯಕ್ಕನ ಬುದ್ಧಿ.

ಇಸ್ತ್ರಿಯಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಆದರೆ ಅದು ಹಾಜರಿ ಪುಸ್ತಕದೊಳಗೆ ಮಾತ್ರ ವಾಸವಾಗಿತ್ತು. ಹೊರಗೆ ಅವಳು ಎಲ್ಲರಿಗೂ ಇಸ್ತ್ರಿಯಕ್ಕ. ಗಂಡ ತೀರಿಕೊಂಡ ವರ್ಷ ಕೈಗೆ ಬಂದ ಇಸ್ತ್ರಿಪೆಟ್ಟಿಗೆ ಕೂದಲು ನರೆತರೂ ಕೈ ಬಿಟ್ಟಿರಲಿಲ್ಲ. ಆಸ್ಪತ್ರೆಯ ಬಿಳಿ ಹೊದಿಕೆ, ದಿಂಬಿನ ಚೀಲ, ಡಾಕ್ಟರರ ನಿಲುವಂಗಿ ಎಲ್ಲವೂ ಅವಳ ಮೇಜಿನ ಮೇಲೆ ಹಾದೇ ಹೋಗಬೇಕು. ಎಲ್ಲೋ ಮೂಲೆಯಲ್ಲಿ ಒಂದು ಕಲೆ ಉಳಿದಿದ್ದರೆ ಅವಳ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಬಟ್ಟೆಯನ್ನು ಮುದ್ದೆ ಮಾಡಿ ಒಗೆಯುವ ತೊಟ್ಟಿಯ ಕಡೆಗೆ ಎಸೆದುಬಿಡುವಳು. "ಕಲೆ ಮೇಲೆ ಕಾವು ತಾಗಿದ್ರೆ ಮುಗೀತು ಕಣ್ರೇ. ಆಮೇಲೆ ಏನು ಉಜ್ಜಿದ್ರೂ ಹೋಗಲ್ಲ" ಎನ್ನುವುದು ಹೊಸಬರಿಗೆಲ್ಲ ಅವಳು ಹೇಳುವ ಮೊದಲ ಪಾಠ.

ಆ ಕಾರ್ಖಾನೆಯಲ್ಲಿ ಅಕ್ಷರದ ಗೊಡವೆ ಯಾರಿಗೂ ಇರಲಿಲ್ಲ. ಬಟ್ಟೆಯ ಮೂಲೆಯಲ್ಲಿ ಒಂದು ಬಣ್ಣದ ದಾರ ಹೊಲಿದಿರುತ್ತಿತ್ತು. ಕೆಂಪು ಎಂದರೆ ಆಪರೇಷನ್ ಕೋಣೆ, ನೀಲಿ ಎಂದರೆ ಮಕ್ಕಳ ವಾರ್ಡು, ಹಳದಿ ಎಂದರೆ ಹೆರಿಗೆಯದು. ಕಣ್ಣೊಂದಿದ್ದರೆ ಸಾಕು, ಕೆಲಸ ನಡೆಯುತ್ತಿತ್ತು. ಇದೇ ಜಾಣತನವನ್ನು ಇಸ್ತ್ರಿಯಕ್ಕ ಮನೆಗೂ ಒಯ್ದಳು. ಮನೆಯಲ್ಲಿ ಮೊಮ್ಮಗಳಿದ್ದಳು, ಮಗಳು ದೂರದ ಮನೆಯೊಂದರಲ್ಲಿ ಕೆಲಸಕ್ಕಿದ್ದು ರಜೆ ಸಿಕ್ಕಾಗ ಬಂದು ಹೋಗುವವಳು. ಆ ಮಗುವಿಗೆ ಫಿಟ್ಸ್ ಬರುತ್ತಿತ್ತು. ಅದಕ್ಕೊಂದು ಔಷಧಿ ದಿನವೂ ಕುಡಿಸಬೇಕು. ಕೆಮ್ಮಿಗೆ ಇನ್ನೊಂದು. ಎರಡೂ ಒಂದೇ ಕಂದು ಬಣ್ಣದ ಸೀಸೆ, ಒಂದೇ ಬಿಳಿ ಮುಚ್ಚಳ. ಫಿಟ್ಸ್ ಔಷಧಿಯ ಕುತ್ತಿಗೆಗೆ ಅವಳು ಕೆಂಪು ದಾರ ಕಟ್ಟಿದಳು.

ಒಂದು ಸಲ ಎರಡೂ ಸೀಸೆ ಒಟ್ಟಿಗೆ ಖಾಲಿಯಾಗಿ ಎರಡೂ ಹೊಸದು ಬಂತು. ಕೆಲಸ ಮುಗಿಸಿ ಬಂದ ಸುಸ್ತಿನಲ್ಲಿ ಹಳೆಯ ಸೀಸೆಯ ದಾರ ಬಿಚ್ಚಿ, ಫಿಟ್ಸ್ ಔಷಧಿಗೆ ಕಟ್ಟುವ ಬದಲು ಕೆಮ್ಮಿನ ಔಷಧಿಗೆ ಕಟ್ಟಿದಳು. ಎರಡು ದಿನ ಮಗು ಕೆಮ್ಮಿಲ್ಲದೆಯೇ ಕೆಮ್ಮಿನ ಔಷಧಿ ಕುಡಿಯಿತು. ಮೂರನೆಯ ದಿನ ಹೊಸ್ತಿಲ ಮೇಲೆ ಬಿದ್ದು ಒದ್ದಾಡಿತು. ಹುಬ್ಬಿನ ಮೇಲೆ ಗಾಯವಾಯಿತು, ಗಾಯ ಮಾಯ್ದು ಗುರುತು ಉಳಿಯಿತು. ಮಗುವಿನ ತಲೆ ಬಾಚುವಾಗಲೆಲ್ಲ ಇಸ್ತ್ರಿಯಕ್ಕನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಯಾರನ್ನು ಬೈಯಬೇಕು? ದಾರ ಕಟ್ಟಿದ ಕೈ ತನ್ನದೇ.

ಇಂಥ ಹೊತ್ತಿನಲ್ಲಿ ಟೀಚರಮ್ಮ ಬಂದಳು.

ಟೀಚರಮ್ಮ ಎಂದರೆ ಶಾಲೆಯ ಟೀಚರೇನಲ್ಲ. ಓದಿದ್ದಳು, ಕೆಲಸ ಸಿಕ್ಕಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದವರಿಗೆ ಅವರವರು ದುಡಿಯುವ ಜಾಗದಲ್ಲೇ ಪಾಠ ಹೇಳಬೇಕು ಎನ್ನುವ ಸರ್ಕಾರದ ಯೋಜನೆಯೊಂದಕ್ಕೆ ಸೇರಿಕೊಂಡಿದ್ದಳು. ಗೌರವಧನ ಅಂತ ಒಂದು ಇತ್ತು. ಅದರಲ್ಲಿ ಗೌರವ ಎಷ್ಟು, ಧನ ಎಷ್ಟು ಎಂದು ಕೇಳಿದರೆ ಅವಳೇ ನಕ್ಕುಬಿಡುತ್ತಿದ್ದಳು. ಗಂಡ ದರ್ಜಿ. "ಬಿಟ್ಟಿ ಚಾಕರಿ ಮಾಡೋಕೆ ಡಿಗ್ರಿ ಬೇರೆ ಬೇಕಿತ್ತು" ಎಂದು ಅವನು ಗೊಣಗಿದರೂ ಬಟ್ಟೆಗೆ ಗುರುತು ಹಾಕುವ ತನ್ನ ಚಪ್ಪಟೆ ಸೀಮೆಸುಣ್ಣವನ್ನು ಅವಳ ಚೀಲಕ್ಕೆ ಹಾಕಿ ಕಳಿಸುತ್ತಿದ್ದ. ಯೋಜನೆಯಿಂದ ಬರಬೇಕಾದ ಸೀಮೆಸುಣ್ಣ ಬಂದೇ ಇರಲಿಲ್ಲ. ಕರಿಹಲಗೆಯೂ ಬಂದಿರಲಿಲ್ಲ. ಬಾಯ್ಲರ್ ಕೋಣೆಯ ಹಳೇ ಕಬ್ಬಿಣದ ಬಾಗಿಲೊಂದನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಬರೆಯುತ್ತಿದ್ದಳು.

ಪಾಠ ನಡೆಯುತ್ತಿದ್ದದ್ದು ಬಟ್ಟೆ ಮಡಿಸುವ ಕೋಣೆಯಲ್ಲಿ, ಪಾಳಿ ಮುಗಿದ ಮೇಲೆ. ಮ್ಯಾನೇಜರು ಜಾಗ ಕೊಟ್ಟಿದ್ದೇ ದೊಡ್ಡದು. "ಬಟ್ಟೆ ಮೇಲೆ ಒಂದು ಚುಕ್ಕೆ ಬಿದ್ರೂ ನಿಮ್ಮ ಕ್ಲಾಸು ಬಂದ್" ಎಂದು ಮೊದಲೇ ಹೇಳಿದ್ದರು. ಉದ್ದನೆಯ ಮೇಜಿನ ಸುತ್ತ ಹೆಂಗಸರು ಕೂರುತ್ತಿದ್ದರು. ಕೈಬೆರಳೆಲ್ಲ ಸೋಡದ ನೀರಿಗೆ ಸುಕ್ಕುಗಟ್ಟಿರುತ್ತಿತ್ತು, ಪೆನ್ಸಿಲು ನಿಲ್ಲುತ್ತಿರಲಿಲ್ಲ. ಪಕ್ಕದ ಕೋಣೆಯಿಂದ ಬರುವ ಹಬೆಯ ಬಿಸಿಗೆ ಮೊದಲ ಸಾಲು ಓದುವಷ್ಟರಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಇನ್ನರ್ಧಕ್ಕೆ ಮನೆಯ ಚಿಂತೆ. ಗಡಿಬಿಡಿ ಎಂದೇ ಹೆಸರಾದ ಮಡಿಸುವ ಹುಡುಗಿಯಂತೂ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ. "ನೀರು ಬಿಡೋ ಹೊತ್ತು, ಟೀಚರಮ್ಮ, ನಲ್ಲಿ ಮುಂದೆ ಕೊಡ ಇಡದಿದ್ರೆ ಅತ್ತೆ ನನ್ನನ್ನೇ ಒಗೆದು ಒಣಗಿಸ್ತಾರೆ" ಎಂದು ಓಡುವಳು. ಇನ್ನು ಸೋಪಜ್ಜಿ. ಹೆಂಗಸರಲ್ಲೆಲ್ಲ ಹಿರಿಯಳು, ತೊಟ್ಟಿಗೆ ಸೋಪು ಕಲಸುವವಳು. ಒಂದು ಅಕ್ಷರ ಬರೆಯುವುದರೊಳಗೆ ಉಳಿದವರು ಒಂದು ಸಾಲು ಮುಗಿಸಿರುತ್ತಿದ್ದರು.

ಹೀಗೆ ಕುಂಟುತ್ತಾ ತೆವಳುತ್ತಾ ಮೊದಲ ಪುಸ್ತಕ ಮುಗಿಯುವ ಹೊತ್ತಿಗೆ ಒಂದು ಸಂಗತಿ ನಡೆಯಿತು. ಗೇಟಿನಲ್ಲಿ ಹಾಜರಿ ಗುಮಾಸ್ತನ ಮುಂದೆ ಬೆಳಿಗ್ಗೆ ಬೆಳಿಗ್ಗೆ ಹೆಬ್ಬೆಟ್ಟು ಒತ್ತುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಪೆನ್ನು ಕೇಳತೊಡಗಿದರು. ಮೊದಲು ಕೇಳಿದವಳು ಇಸ್ತ್ರಿಯಕ್ಕ. ಗುಮಾಸ್ತ ಅವಳನ್ನೂ ಪೆನ್ನನ್ನೂ ನೋಡಿದ. "ಪೆನ್ನು ತಿರುವುಮುರುವು ಹಿಡ್ಕೋಬೇಡಮ್ಮ" ಎಂದ. ಅವಳು ಹೆಸರು ಬರೆದಳು. ಇಸ್ತ್ರಿ ಮಾಡಿದಷ್ಟೇ ನೇರ, ಒಂದೂ ಸುಕ್ಕಿಲ್ಲದ ಅಕ್ಷರ. ಎಲ್ಲರೂ ಬರೆಯತೊಡಗಿದ ಮೇಲೆ ಗುಮಾಸ್ತ ಮಸಿಯ ಡಬ್ಬಿಯನ್ನು ಡ್ರಾಯರಿನ ಒಳಗೆ ಹಾಕಿದ. ಅವತ್ತು ಇಸ್ತ್ರಿಯಕ್ಕ ಇಡೀ ದಿನ ಒಬ್ಬರನ್ನೂ ಬೈಯಲಿಲ್ಲ. ಇವಳಿಗೆ ಜ್ವರ ಬಂದಿದೆಯೇನೋ ಎಂದು ಗಡಿಬಿಡಿ ಹಣೆ ಮುಟ್ಟಿ ನೋಡಿದಳು.

ಆದರೆ ಔಷಧಿ ಸೀಸೆಯ ಚೀಟಿ ಬಗ್ಗಲಿಲ್ಲ. ಮೊದಲ ಪುಸ್ತಕದಲ್ಲಿ ಇದ್ದದ್ದು ಬಿಡಿ ಅಕ್ಷರ, ಮರ, ಮನೆ, ಹಸು. ಸೀಸೆಯ ಮೇಲೆ ಇದ್ದದ್ದು ಇರುವೆಸಾಲಿನ ಅಕ್ಷರ, ಅದರಲ್ಲೂ ಒಂದರ ಕಾಲಿಗೆ ಇನ್ನೊಂದು ಜೋತುಬಿದ್ದ ಒತ್ತಕ್ಷರ. ಅವಳು ಸೀಸೆಯನ್ನೇ ತರಗತಿಗೆ ತಂದು ಟೀಚರಮ್ಮನ ಮುಂದೆ ಇಟ್ಟಳು.

"ಇದು ಎರಡನೇ ಪುಸ್ತಕದಲ್ಲಿ ಬರುತ್ತೆ, ಅಕ್ಕ" ಎಂದಳು ಟೀಚರಮ್ಮ. ಚೀಲದಿಂದ ತನ್ನದೇ ಒಂದು ಹರಕು ಪ್ರತಿ ತೆಗೆದು ತೋರಿಸಿದಳು. ಕೊನೆಯ ಪಾಠದಲ್ಲಿ ಔಷಧಿ ಸೀಸೆಯ ಚಿತ್ರ, ಅದರ ಚೀಟಿ, ಚೀಟಿಯ ಒಂದೊಂದು ಪದವನ್ನೂ ಬಿಡಿಸಿ ಓದುವ ಬಗೆ.

"ಇದೊಂದನ್ನೇ ಈಗ ಹೇಳ್ಕೊಟ್ಬಿಡಿ."

"ಮೆಟ್ಟಿಲು ಬಿಟ್ಟು ಮಹಡಿಗೆ ಹಾರೋಕಾಗುತ್ತಾ? ಬರೋಣ, ಒಂದೊಂದಾಗಿ."

ಆ ಚಿತ್ರ ಇಸ್ತ್ರಿಯಕ್ಕನ ಕಣ್ಣಿನಲ್ಲಿ ಕೂತುಬಿಟ್ಟಿತು. ಬಟ್ಟೆಯ ಮೇಲೆ ಪೆಟ್ಟಿಗೆ ಎಳೆಯುವಾಗಲೂ ಅದೇ ಧ್ಯಾನ. ಎರಡನೇ ಪುಸ್ತಕ ಮುಗಿದರೆ ದಾರ ಕಟ್ಟುವ ಕೆಲಸ ಇಲ್ಲ, ಮಗುವಿನ ಬಾಯಿಗೆ ಚಮಚ ಇಡುವಾಗ ಯಾವ ಸೀಸೆಯದೋ ಎಂಬ ಅನುಮಾನ ಇಲ್ಲ.

ಅಷ್ಟರಲ್ಲಿ ಪರೀಕ್ಷೆಯ ಸುದ್ದಿ ಬಂತು. ಯೋಜನೆಯ ಕಚೇರಿಯಿಂದ ಸಾಹೇಬರು ಬರುತ್ತಾರೆ, ಒಬ್ಬೊಬ್ಬರನ್ನೇ ಕರೆದು ಒಂದು ಸಾಲು ಓದಿಸಿ ಹೆಸರು ಬರೆಸುತ್ತಾರೆ. ಪಾಸಾದವರು ಅಕ್ಷರಸ್ಥರು ಎಂದು ಘೋಷಣೆಯಾಗುತ್ತದೆ. ಟೀಚರಮ್ಮ ಇದನ್ನು ಹೇಳುವಾಗ ಅವಳ ಮುಖ ಅರಳಿತ್ತು. ಹೆಂಗಸರೂ ಕಿಲಕಿಲ ನಕ್ಕರು. ಅವಳು ಹೋದ ಮೇಲೆ ಗಡಿಬಿಡಿ ಮಾತ್ರ ನಲ್ಲಿಯನ್ನೂ ಮರೆತು ಅಲ್ಲೇ ಕೂತಿದ್ದಳು.

"ನಮ್ಮಕ್ಕ ಮೀನು ಮಾರ್ಕೆಟ್ಟಲ್ಲಿ ಇದೇ ಥರ ಕ್ಲಾಸಿಗೆ ಹೋಗ್ತಿದ್ಳು" ಎಂದಳು. "ಪರೀಕ್ಷೆ ಆಯ್ತು. ಎಲ್ರೂ ಪಾಸು. ಸಿಹಿ ಹಂಚಿದ್ರು, ಫೋಟೋ ಹೊಡೆದ್ರು. ಮಾರನೇ ದಿನ ಹೋದ್ರೆ ಕೋಣೆಗೆ ಬೀಗ. ನೀವು ಕಲಿತಾಯ್ತಲ್ಲ, ಇನ್ನೇನು ಕ್ಲಾಸು ಅಂದ್ರಂತೆ. ಆ ಟೀಚರನ್ನ ಬೇರೆ ಎಲ್ಲಿಗೋ ಹಾಕಿದ್ರು. ಈಗ ನಮ್ಮಕ್ಕನಿಗೆ ಅರ್ಧ ಅಕ್ಷರ ಮರೆತೇ ಹೋಗಿದೆ."

ಮಾರನೆಯ ದಿನ ಪಾಠ ಮುಗಿದ ಮೇಲೆ ಇಸ್ತ್ರಿಯಕ್ಕ ಟೀಚರಮ್ಮನನ್ನು ಒಬ್ಬಳನ್ನೇ ಹಿಡಿದು ಕೇಳಿದಳು.

"ಪಾಸಾದ್ಮೇಲೆ ಏನು, ಟೀಚರಮ್ಮ? ಎರಡನೇ ಪುಸ್ತಕ ಉಂಟಾ?"

ಟೀಚರಮ್ಮ ಚೀಲ ಎತ್ತಿಕೊಂಡಳು. "ಮೊದ್ಲು ಪಾಸಾಗಿ, ಅಕ್ಕ. ಆಮೇಲಿಂದು ಆಮೇಲೆ" ಎಂದು ಚೀಲದ ದಾರ ಬಿಗಿಯುವ ನೆಪದಲ್ಲಿ ಮುಖ ತಿರುಗಿಸಿದಳು.

ಮುಖ ತಿರುಗಿಸುವವರನ್ನು ಇಸ್ತ್ರಿಯಕ್ಕ ಬಾಳಿನಲ್ಲಿ ಬೇಕಾದಷ್ಟು ನೋಡಿದ್ದಳು. ಡಾಕ್ಟರು ಮುಖ ತಿರುಗಿಸಿದಾಗಲೇ ಗಂಡ ಉಳಿಯುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಪಾಪ, ಈ ಹೆಣ್ಣಿಗೂ ಗೊತ್ತು, ಹೇಳಲಾರದೆ ಒದ್ದಾಡುತ್ತಿದ್ದಾಳೆ ಎಂದು ತೀರ್ಮಾನಿಸಿದಳು. ಆ ತೀರ್ಮಾನದ ಮೇಲೆ ತನ್ನ ಬುದ್ಧಿಯ ಕಾವು ತಾಗಿಸಿ ಇನ್ನೆಂದೂ ಅಳಿಸದ ಹಾಗೆ ಮಾಡಿಕೊಂಡಳು.

ಪರೀಕ್ಷೆಯ ಹಿಂದಿನ ದಿನ, ಒಣಗಿದ ಹೊದಿಕೆಗಳನ್ನು ಇಬ್ಬಿಬ್ಬರು ಎರಡು ತುದಿ ಹಿಡಿದು ಮಡಿಸುತ್ತಿರುವಾಗ ಅವಳು ಬಾಯಿ ಬಿಟ್ಟಳು.

"ಕಲಿತವರಿಗೆ ಕ್ಲಾಸು ಬೇಡ, ಅಲ್ವಾ? ಹಾಗಾದ್ರೆ ನಾವು ಕಲಿತೇ ಇಲ್ಲ."

"ಅಂದ್ರೆ?" ಎಂದಳು ಗಡಿಬಿಡಿ.

"ಅಂದ್ರೆ ಫೇಲು. ಕಾರ್ಡು ಕೊಟ್ರೆ ಮಿಕಮಿಕ ನೋಡೋದು. ಹೆಸರು ಬರಿ ಅಂದ್ರೆ ಹೆಬ್ಬೆಟ್ಟು ಚಾಚೋದು. ಪಾಪ ಇವರಿಗಿನ್ನೂ ಬಂದಿಲ್ಲ, ಇನ್ನೊಂದು ವರ್ಷ ಪಾಠ ಆಗ್ಲಿ ಅಂತಾರೆ. ಕ್ಲಾಸೂ ಉಳೀತು, ಟೀಚರಮ್ಮನೂ ಉಳಿದ್ರು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಹೊದಿಕೆಯ ಆ ತುದಿ ಹಿಡಿದವಳು ಈ ತುದಿ ಹಿಡಿದವಳ ಮುಖ ನೋಡಿದಳು. ಒಬ್ಬಳು ಕಿಸಕ್ಕೆಂದಳು. ಜೀವಮಾನವೆಲ್ಲ ಇವಳಿಗೆ ಏನೂ ಬರೋಲ್ಲ ಎನಿಸಿಕೊಂಡವರಿಗೆ, ಬಂದೂ ಬರೋಲ್ಲ ಎನ್ನುವ ಆಟ ಎಷ್ಟು ರುಚಿಯಾಗಿತ್ತೆಂದರೆ ಎಲ್ಲರೂ ಒಮ್ಮೆಲೇ ಒಪ್ಪಿದರು. ಸೋಪಜ್ಜಿ ಒಬ್ಬಳು ಕೇಳಿದಳು: "ಟೀಚರಮ್ಮನಿಗೆ ಹೇಳ್ಬಾರ್ದಾ?"

"ಹೇಳಿದ್ರೆ ಆ ಹುಡುಗಿ ಬೇಡ ಅಂತಾಳೆ, ಅಜ್ಜಿ. ಸುಳ್ಳು ಅಂದ್ರೆ ಅವಳಿಗಾಗಲ್ಲ. ಅವಳಿಗೆ ಗೊತ್ತಿಲ್ಲದಿದ್ರೇನೇ ಅವಳಿಗೆ ಒಳ್ಳೇದು."

ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವವರನ್ನು ನಾವೆಲ್ಲ ನೋಡಿದ್ದೇವೆ. ನೆಗಡಿ ಬರಬಹುದೆಂದು ಮೊದಲೇ ಕೊಯ್ದುಕೊಂಡವರು ಇವರೇ ಇರಬೇಕು.

ಸಾಹೇಬರು ಹೇಳಿದ ಹೊತ್ತಿಗೇ ಬಂದರು. ಕೈಯಲ್ಲಿ ಫೈಲು, ಮುಖದಲ್ಲಿ ಅವಸರ, ಹೊರಗೆ ಇಂಜಿನ್ ಆರಿಸದ ಜೀಪು. ಕೆಟ್ಟ ಮನುಷ್ಯರೇನಲ್ಲ. ಮಡಿಸುವ ಮೇಜಿನ ಒಂದು ತುದಿಗೆ ಕೂತು, "ಹೆದರ್ಬೇಡಿ, ತಾಯಂದಿರೇ, ನಿಧಾನವಾಗಿ ಓದಿ, ತಪ್ಪಿದ್ರೂ ಪರವಾಗಿಲ್ಲ" ಎಂದರು. ಟೀಚರಮ್ಮ ಅವತ್ತು ಒಳ್ಳೆಯ ಸೀರೆ ಉಟ್ಟಿದ್ದಳು. ಗೋಡೆಗೆ ಒರಗಿ, ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು.

ಮೊದಲು ಇಸ್ತ್ರಿಯಕ್ಕನನ್ನೇ ಕರೆದರು. ಟೀಚರಮ್ಮನೇ ಅವಳ ಹೆಸರನ್ನು ಮೊದಲು ಇಟ್ಟಿದ್ದಳು. ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ಮಳೆ ಬಂದರೆ ಬೆಳೆ. ಅಕ್ಷರಗಳು ತಾವಾಗಿಯೇ ಅವಳ ನಾಲಗೆಯ ಮೇಲೆ ಬಂದು ಕೂತವು. ಕಲಿತದ್ದನ್ನು ಮರೆಯುವುದು ಸುಲಭ, ಮರೆತ ಹಾಗೆ ನಟಿಸುವುದು ಎಷ್ಟು ಕಷ್ಟ ಎಂದು ಅವಳಿಗೆ ಆ ಗಳಿಗೆ ತಿಳಿಯಿತು.

"ಗೊತ್ತಾಗ್ತಿಲ್ಲ, ಸ್ವಾಮಿ" ಎಂದಳು.

ಟೀಚರಮ್ಮ ತಲೆ ಎತ್ತಿದಳು. "ಅಕ್ಕ, ಹೆದರ್ಕೋಬೇಡಿ. ಮೊದಲ ಅಕ್ಷರ ನೋಡಿ."

"ಬರಲ್ಲ, ಟೀಚರಮ್ಮ." ಅವಳ ಕಡೆ ನೋಡದೆ ಇಸ್ತ್ರಿಯಕ್ಕ ಹೆಬ್ಬೆರಳು ಚಾಚಿದಳು.

ಎರಡನೆಯವಳಿಗೂ ಬರಲಿಲ್ಲ. ಮೂರನೆಯವಳು ಕಾರ್ಡನ್ನು ತಲೆಕೆಳಗಾಗಿ ಹಿಡಿದಳು. ಗಡಿಬಿಡಿ ಒಂದು ಹೆಜ್ಜೆ ಮುಂದೆ ಹೋಗಿ, "ಇದು ಚಿತ್ರವಾ, ಸಾಹೇಬ್ರೇ?" ಎಂದು ಕೇಳಿದಳು. ಹಿಂದೆ ಯಾರೋ ಸೆರಗಿನಲ್ಲಿ ನಗು ತುರುಕಿಕೊಂಡರು. ಸಾಹೇಬರ ಹುಬ್ಬು ಗಂಟಿಕ್ಕುತ್ತಾ ಬಂತು. ಟೀಚರಮ್ಮನ ಮುಖ ಒಗೆದ ಬಟ್ಟೆಯಷ್ಟು ಬಿಳುಪಾಗಿತ್ತು. ಇಸ್ತ್ರಿಯಕ್ಕ ಅದನ್ನು ನೋಡಿದಳು. ಇನ್ನು ಸ್ವಲ್ಪ ಹೊತ್ತು, ತಾಯಿ, ಆಮೇಲೆ ಎಲ್ಲಾ ಹೇಳ್ತೀವಿ, ನೀನೇ ನಗ್ತೀಯ ಎಂದು ಮನಸ್ಸಿನಲ್ಲೇ ಸಮಾಧಾನ ಹೇಳಿದಳು.

ಕೊನೆಗೆ ಸೋಪಜ್ಜಿ. ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು. ಎಲ್ಲರೂ ಕಾದರು. ಅವಳ ತುಟಿ ಅಲುಗಿತು. "ಮಳೆ..." ಎಂದಳು. "ಬಂದರೆ... ಬೆಳೆ." ಆಮೇಲೆ ಪೆನ್ನು ತೆಗೆದುಕೊಂಡು, ನಾಲಗೆ ಕಚ್ಚಿಕೊಂಡು, ತನ್ನ ಹೆಸರಿನ ಒಂದೊಂದು ಅಕ್ಷರವನ್ನೂ ಕೆತ್ತಿದಂತೆ ಬರೆದಳು. ತಿರುಗಿ ಬರುವಾಗ ಇಸ್ತ್ರಿಯಕ್ಕನ ಕಿವಿಯಲ್ಲಿ, "ಆಗ್ಲಿಲ್ಲ ಕಣೇ. ಈ ವಯಸ್ಸಲ್ಲಿ ಬಂದಿದ್ದನ್ನ ಬರಲ್ಲ ಅಂತ ಹೇಗೆ ಹೇಳ್ಲಿ?" ಎಂದಳು.

ಸಾಹೇಬರು ಫೈಲು ಮುಚ್ಚಿದರು.

"ಒಬ್ಬರು. ಇಷ್ಟು ಜನರಲ್ಲಿ ಒಬ್ಬರು. ಅದೂ ಈ ಮುದುಕಿ." ಅವರು ಟೀಚರಮ್ಮನ ಕಡೆ ತಿರುಗಿದರು. "ದಿನಾ ಕ್ಲಾಸು ನಡೆಸಿದ್ದೀನಿ ಅಂತ ಬರೆದು ಕಳ್ಸಿದ್ದೀರಿ. ಎಲ್ಲರಿಗೂ ಓದೋಕೆ ಬರುತ್ತೆ ಅಂದಿದ್ರಿ. ಇವರಿಗೆ ಕಾರ್ಡು ಹಿಡಿಯೋಕೂ ಬರಲ್ಲ. ಕ್ಲಾಸು ನಡೆದಿದ್ದು ಈ ಕೋಣೇಲೋ, ಕಾಗದದ ಮೇಲೋ?"

"ಸರ್, ನಡೆದಿದೆ, ಸರ್. ಇವರಿಗೆ ಬರುತ್ತೆ. ಏನಾಯ್ತೋ ಗೊತ್ತಿಲ್ಲ..."

"ನಾನೇ ಕಣ್ಣಾರೆ ನೋಡಿದೆನಲ್ಲ. ಎರಡನೇ ಪುಸ್ತಕದ ಕಟ್ಟು ಎಲ್ಲಿ? ವಾಪಸ್ ಕೊಡಿ."

ಇಸ್ತ್ರಿಯಕ್ಕನಿಗೆ ಕೇಳಿದ ಮಾತು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಟೀಚರಮ್ಮ ಮೆಲ್ಲಗೆ ಕಪಾಟಿನ ಹತ್ತಿರ ಹೋದಳು. ಮಡಿಸಿಟ್ಟ ಹೊದಿಕೆಗಳ ಒಟ್ಟಿಲಿನ ಕೆಳಗಿನಿಂದ ಒಂದು ಕಟ್ಟು ಎಳೆದು ತೆಗೆದಳು. ಕಂದು ಕಾಗದ ಸುತ್ತಿ ಹುರಿ ಕಟ್ಟಿದ್ದ ಪುಸ್ತಕಗಳು. ಮೂಲೆಯಲ್ಲಿ ಕಾಗದ ಹರಿದು ಮೇಲಿನ ಪುಸ್ತಕದ ರಕ್ಷಾಪುಟ ಕಾಣುತ್ತಿತ್ತು. ಅದೇ ಬಣ್ಣ, ಅವಳು ಆ ಹರಕು ಪ್ರತಿಯಲ್ಲಿ ಕಂಡದ್ದು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ತಾವೇ ಮಡಿಸಿದ ಬಟ್ಟೆಯ ಅಡಿಯಲ್ಲಿ ಅದು ಬೆಳಿಗ್ಗೆಯಿಂದ ಇತ್ತು.

"ಸಾಹೇಬ್ರೇ!" ಇಸ್ತ್ರಿಯಕ್ಕ ಎದ್ದು ನಿಂತಳು. "ತಪ್ಪಾಯ್ತು, ಸಾಹೇಬ್ರೇ. ನಾವು ಸುಳ್ಳು ಹೇಳಿದ್ವಿ. ನಮಗೆ ಬರುತ್ತೆ. ಟೀಚರಮ್ಮನದು ಏನೂ ತಪ್ಪಿಲ್ಲ. ಪಾಸಾದ್ರೆ ಕ್ಲಾಸು ಮುಚ್ತೀರಿ ಅಂತ... ಮಳೆ ಬಂದರೆ ಬೆಳೆ, ನೋಡಿ, ಅದೇ ತಾನೇ ಇರೋದು?"

"ಈಗ ತಾನೇ ಅಜ್ಜಿ ಓದಿದ್ದನ್ನ ಕೇಳಿಸ್ಕೊಂಡ್ರಿ."

"ಬೇರೆ ಏನಾದ್ರೂ ಕೊಡಿ, ಓದ್ತೀನಿ."

ಸಾಹೇಬರಿಗೆ ಹೊತ್ತಾಗುತ್ತಿತ್ತು. ಕೈಗೆ ಸಿಕ್ಕಿದ್ದನ್ನೇ ಮುಂದೆ ಹಿಡಿದರು. ಆ ಪುಸ್ತಕದ ಕಟ್ಟಿನ ಮೇಲೆ ಅಂಟಿಸಿದ್ದ ಚೀಟಿ. ಕಚೇರಿಯ ಹೆಸರು, ಯೋಜನೆಯ ಹೆಸರು, ಎಲ್ಲ ಸಣ್ಣ ಅಕ್ಷರ, ಪದಕ್ಕೆರಡು ಒತ್ತು. ಇಸ್ತ್ರಿಯಕ್ಕ ಮೊದಲ ಅಕ್ಷರ ಹಿಡಿದಳು. ಎರಡನೆಯದರ ಕಾಲಿಗೆ ಏನೋ ಜೋತುಬಿದ್ದಿತ್ತು. ಅಲ್ಲಿಗೆ ನಿಂತಳು. ಮತ್ತೆ ಮೊದಲಿನಿಂದ ಶುರು ಮಾಡಿದಳು, ಮತ್ತೆ ಅಲ್ಲೇ ನಿಂತಳು. ಬೆವರು ಕಣ್ಣಿಗೆ ಇಳಿಯಿತು.

"ಸರ್, ಅದು ಎರಡನೇ ಪುಸ್ತಕದ ಪಾಠ. ಇನ್ನೂ ಹೇಳ್ಕೊಟ್ಟಿಲ್ಲ" ಎಂದಳು ಟೀಚರಮ್ಮ.

"ಸಾಕು ಬಿಡಿ. ನಿಮ್ಮನ್ನ ಉಳಿಸೋಕೆ ಏನೋ ಹೇಳ್ತಿದ್ದಾರೆ, ಅವರ ಒಳ್ಳೆಯತನ. ಹೆಬ್ಬೆಟ್ಟು ಒತ್ತಿದ್ದೂ ಆಯ್ತು, ನಾನು ಬರೆದಿದ್ದೂ ಆಯ್ತು." ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಅವರು ಹೊರಟರು. ಜೀಪು ತಿರುಗುವ ಸದ್ದು ಕೇಳಿಸಿತು.

ಹೆಂಗಸರು ಒಬ್ಬೊಬ್ಬರಾಗಿ ಜಾರಿಕೊಂಡರು. ಟೀಚರಮ್ಮ ಒದ್ದೆ ಬಟ್ಟೆಯಿಂದ ಕಬ್ಬಿಣದ ಬಾಗಿಲನ್ನು ಒರೆಸುತ್ತಿದ್ದಳು. ಅಕ್ಷರ ಹೋದ ಮೇಲೂ ಒರೆಸುತ್ತಲೇ ಇದ್ದಳು. ಇಸ್ತ್ರಿಯಕ್ಕ ಹತ್ತಿರ ಹೋದಳು.

"ಬೈದ್ಬಿಡಿ, ಟೀಚರಮ್ಮ. ಕೈ ಎತ್ತಿ ಎರಡು ಹೊಡೆದ್ರೂ ಸರಿ."

"ಎಷ್ಟು ಸಲ ಆ ಕಚೇರಿಗೆ ಅಲೆದಿದ್ದೀನಿ ಗೊತ್ತಾ, ಅಕ್ಕ? ಬೇರೆ ಕಡೆ ಮುಚ್ಚಿದ ಹಾಗೆ ಇಲ್ಲಿ ಮುಚ್ಬೇಡಿ, ಎರಡನೇ ಪುಸ್ತಕ ಕೊಡಿ ಅಂತ. ಎಲ್ರೂ ಪಾಸಾದ್ರೆ ಕೊಡ್ತೀವಿ ಅಂದ್ರು. ನಿನ್ನೆ ಸಂಜೆ ಕಟ್ಟು ಕೈಗೆ ಬಂತು, ಪಾಸಾಗದಿದ್ರೆ ವಾಪಸ್ ಅನ್ನೋ ಮಾತಿನ ಮೇಲೆ."

"ನಮಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಬರುತ್ತೋ ಇಲ್ವೋ ಗೊತ್ತಿಲ್ಲದೆ ಏನಂತ ಹೇಳ್ಲಿ? ಮೊದಲು ಒಂದು ಕಡೆ ಹೀಗೇ ಆಸೆ ಹುಟ್ಟಿಸಿ, ಪುಸ್ತಕ ಬರದೆ, ಅವರ ಮುಂದೆ ಮುಖ ಎತ್ತೋಕಾಗ್ಲಿಲ್ಲ. ನಿನ್ನೆ ಬಂದ್ಮೇಲೆ, ಪರೀಕ್ಷೆ ಮುಗಿದ ಕೂಡ್ಲೇ ಬಿಚ್ಚಿ ಮೊದಲನೇದು ನಿಮ್ಮ ಕೈಗೇ ಕೊಡೋಣ ಅಂತಿದ್ದೆ." ಅವಳು ಒರೆಸುವುದನ್ನು ನಿಲ್ಲಿಸಿದಳು. "ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ನೀವು?"

"ಕೇಳಿದ್ನಲ್ಲ" ಎಂದಳು ಇಸ್ತ್ರಿಯಕ್ಕ, ಬಹಳ ಸಣ್ಣ ದನಿಯಲ್ಲಿ.

ಟೀಚರಮ್ಮನಿಗೆ ನೆನಪಾಯಿತು. ಬಟ್ಟೆಯನ್ನು ಹಿಂಡಿ, ಕೊಡವಿ, ಕಿಟಕಿಯ ಸರಳಿಗೆ ಹಾಕಿದಳು. "ಕಳ್ಳಿ ಅಂತ ಬರ್ಕೊಂಡು ಹೋದ್ರು, ಅಕ್ಕ. ಪಾಠ ಮಾಡದೆ ಮಾಡಿದೆ ಅಂದವಳು ಅಂತ. ಇದಕ್ಕಿಂತ ಬೇರೆ ಏನಾದ್ರೂ ಮಾಡಿದ್ರೆ ತಡ್ಕೋತಿದ್ದೆ" ಎಂದಳು. ಬೈಯಲೂ ಇಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ಚೀಲ ತೆಗೆದುಕೊಂಡು ಹೋದಳು. ಅವಳ ಹರಕು ಪ್ರತಿಯೂ ಆ ಚೀಲದಲ್ಲೇ ಹೋಯಿತು. ಕೇಳುವ ಮುಖ ಇಸ್ತ್ರಿಯಕ್ಕನಿಗೆ ಇರಲಿಲ್ಲ.

ಸುಮ್ಮನೆ ಕೂರಲಿಲ್ಲ ಅವರು, ಅಷ್ಟು ಹೇಳಬೇಕು. ರಜೆಯ ದಿನ ಗುಂಪು ಕಟ್ಟಿಕೊಂಡು ಕಚೇರಿಗೆ ಹೋದರು. ಅಲ್ಲಿಯವರು ಬರೆದುಕೊಡಿ ಎಂದರು. ಮೆಟ್ಟಿಲ ಮೇಲೆ ಕೂತು, ಗೊತ್ತಿದ್ದ ಅಕ್ಷರಗಳನ್ನೇ ಹೊಂದಿಸಿ ಇಸ್ತ್ರಿಯಕ್ಕ ಬರೆದಳು: ನಮಗೆ ಓದಲು ಬರೆಯಲು ಬರುವುದು. ಕಿಟಕಿಯ ಹಿಂದಿನವನು ಅದನ್ನು ಓದಿ, ಫೈಲು ತೆಗೆದು ನೋಡಿ, "ನಿಮಗೆ ಬರೆಯೋಕೆ ಬರಲ್ಲ ಅಂತ ಇದೆಯಲ್ಲಮ್ಮ ಇಲ್ಲಿ. ಇದನ್ನ ಯಾರು ಬರ್ಕೊಟ್ರು?" ಎಂದು ಕೇಳಿದ. ನಗಬೇಕೋ ಅಳಬೇಕೋ ತಿಳಿಯದೆ ಅವರು ತಿರುಗಿ ಬಂದರು.

ಸ್ವಲ್ಪ ದಿನದ ಮೇಲೆ ಒಂದು ಬೆಳಿಗ್ಗೆ ಹಾಜರಿ ಗುಮಾಸ್ತನ ಮೇಜಿನ ಮೇಲೆ ಮಸಿಯ ಡಬ್ಬಿ ಮತ್ತೆ ಬಂದು ಕೂತಿತ್ತು. ಒಣಗಿದ್ದಕ್ಕೆ ಹೊಸ ಮಸಿ ಹುಯ್ದಿದ್ದರು. ಸಾಲಿನಲ್ಲಿ ಮೊದಲು ನಿಂತಿದ್ದವಳು ಸೋಪಜ್ಜಿ. ಗುಮಾಸ್ತ ಅವಳಿಗೆ ಪೆನ್ನು ಕೊಟ್ಟ. ಅವಳು ಎಂದಿನಂತೆ ನಾಲಗೆ ಕಚ್ಚಿಕೊಂಡು ಬರೆಯತೊಡಗಿದಳು. ಪಾಳಿಯ ಗಂಟೆ ಹೊಡೆಯಿತು. ಬೇರೆ ದಿನಗಳಲ್ಲಿ "ಬೇಗ, ಅಜ್ಜಿ" ಎಂದು ಬೊಬ್ಬೆ ಹೊಡೆಯುತ್ತಿದ್ದ ಗಡಿಬಿಡಿಯೂ ಸುಮ್ಮನೆ ನಿಂತು ನೋಡಿದಳು.

ಇಸ್ತ್ರಿಯಕ್ಕ ಪೆನ್ನಿಗೆ ಕೈ ಚಾಚಿದಳು. ಗುಮಾಸ್ತ ಡಬ್ಬಿಯನ್ನು ಅವಳ ಕಡೆಗೆ ಸರಿಸಿದ.

"ಕಚೇರಿಯಿಂದ ಮ್ಯಾನೇಜರಿಗೆ ಕಾಗದ ಬಂದಿದೆ. ಅಜ್ಜಿ ಒಬ್ರೇ ಅಕ್ಷರಸ್ಥರು. ಉಳಿದವರ ಸಹಿ ನಡೆಯಲ್ಲ. ನಾಳೆ ಏನಾದ್ರೂ ತಕರಾರು ಬಂದ್ರೆ ನನ್ನ ತಲೆಗೆ ಬರುತ್ತೆ."

"ನಾನು ಬರೆಯೋದನ್ನ ನೀನೇ ದಿನಾ ನೋಡಿದ್ದೀಯಲ್ಲಪ್ಪ."

"ನೋಡಿದ್ದೀನಿ, ಇಸ್ತ್ರಿಯಕ್ಕ" ಎಂದ ಅವನು. ಪೆನ್ನು ತಿರುವುಮುರುವು ಎಂದು ಹಾಸ್ಯ ಮಾಡಿದ್ದ ಆ ಮನುಷ್ಯನ ದನಿಯಲ್ಲಿ ಈಗ ಹಾಸ್ಯ ಇರಲಿಲ್ಲ. "ನಿನಗೆ ಬರುತ್ತೆ ಅಂತ ನನಗೆ ಗೊತ್ತು. ಕಾಗದಕ್ಕೆ ಗೊತ್ತಿಲ್ಲ."

ಹಿಂದೆ ಸಾಲು ಬೆಳೆದಿತ್ತು. ಅವಳು ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಒತ್ತಿದರು. ಬಿಳಿ ಬಟ್ಟೆ ಮುಟ್ಟುವ ಮುಂಚೆ ಇಸ್ತ್ರಿಯಕ್ಕ ಕಲ್ಲಿಗೆ ಬೆರಳು ತಿಕ್ಕಿ ತಿಕ್ಕಿ ತೊಳೆದಳು. ಉಗುರಿನ ಸಂದಿಯ ಮಸಿ ಹೋಗಲಿಲ್ಲ. ಹೊದಿಕೆಗೆ ಅದು ತಾಗದಂತೆ ಆ ಬೆರಳೊಂದನ್ನು ಎತ್ತಿಕೊಂಡೇ ಇಡೀ ದಿನ ಇಸ್ತ್ರಿ ಮಾಡಿದಳು.

ಸಂಜೆ ಮನೆಗೆ ಬಂದಾಗ ಮೊಮ್ಮಗಳು ಹೊಸ್ತಿಲಲ್ಲೇ ಕಾಯುತ್ತಿದ್ದಳು. ಬಂದು ಹೋಗಿದ್ದ ಮಗಳು ಹೊಸ ಔಷಧಿ ತಂದಿಟ್ಟಿದ್ದಳು. ಎರಡು ಸೀಸೆ, ಒಂದೇ ಕಂದು, ಒಂದೇ ಬಿಳಿ ಮುಚ್ಚಳ.

"ಅಮ್ಮ ಅವಸರದಲ್ಲಿ ಹೋಗ್ಬಿಟ್ಳು, ಅಜ್ಜಿ. ಯಾವುದು ಯಾವುದಕ್ಕೆ ಅಂತ ಹೇಳ್ಲೇ ಇಲ್ಲ. ನೀನು ಓದ್ತೀಯಲ್ಲ, ಓದು."

ಇಸ್ತ್ರಿಯಕ್ಕ ಒಂದು ಸೀಸೆಯನ್ನು ಬೆಳಕಿಗೆ ಹಿಡಿದಳು. ಮೊದಲ ಅಕ್ಷರ ಬಂತು. ಎರಡನೆಯದರ ಹತ್ತಿರ ನಿಂತಳು. ಇನ್ನೊಂದು ಸೀಸೆ ತೆಗೆದಳು, ಅದರಲ್ಲೂ ಅಲ್ಲಿಗೇ ನಿಂತಳು. ಮಗು ಅವಳ ಬಾಯನ್ನೇ ನೋಡುತ್ತಿತ್ತು. ಹುಬ್ಬಿನ ಮೇಲಿನ ಗುರುತು ದೀಪದ ಬೆಳಕಿಗೆ ಚೆನ್ನಾಗಿ ಕಾಣುತ್ತಿತ್ತು.

"ಚಪ್ಪಲಿ ಹಾಕ್ಕೋ, ಪುಟ್ಟಿ" ಎಂದಳು ಕೊನೆಗೆ. "ಔಷಧಿ ಅಂಗಡಿ ಮುಚ್ಚೋದ್ರೊಳಗೆ ಕೇಳ್ಕೊಂಡು ಬರೋಣ."

"ನಿನಗೆ ಓದೋಕೆ ಬರುತ್ತಲ್ಲ ಅಜ್ಜಿ?"

"ಬರಲ್ಲ" ಎಂದಳು ಇಸ್ತ್ರಿಯಕ್ಕ. ಎರಡೂ ಸೀಸೆ ಚೀಲಕ್ಕೆ ಹಾಕಿಕೊಂಡು, ಗೂಟದಲ್ಲಿ ನೇತಾಡುತ್ತಿದ್ದ ಕೆಂಪು ದಾರವನ್ನೂ ಜೊತೆಗೆ ತೆಗೆದುಕೊಂಡಳು.